ಉದ್ದನೆಯವರ ಪಕ್ಷ

ಎತ್ತರದ ಆಟಗಾರನ ಪರವಾಗಿ ಗಂಟಲು ಹರಿದುಕೊಂಡು ವಾದಿಸುವವರನ್ನು ಒಮ್ಮೆ ಸಾಲಾಗಿ ನಿಲ್ಲಿಸಿ ನೋಡಬೇಕು. ಒಬ್ಬನೂ ಐದೂಕಾಲು ಅಡಿ ದಾಟಿರುವುದಿಲ್ಲ. ಅಗರಖೇಡದ ಗುಡಿ ಕಟ್ಟೆಯ ಮೇಲೆ ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ನಿಜಕ್ಕೂ ಎತ್ತರವಿರುವ ನಮ್ಮ ದೊಡ್ಡಪ್ಪ ಮಾತ್ರ ಈ ಚರ್ಚೆಯಲ್ಲಿ ಬಾಯಿ ಬಿಡುವುದಿಲ್ಲ. ಅವರ ಪಾಲಿಗೆ ಎತ್ತರ ಎಂದರೆ ಹಳೆಯ ಮನೆಗಳ ಗಿಡ್ಡ ಬಾಗಿಲು, ಹಣೆಯ ಮೇಲಿನ ಕಲೆ, ಹೋದ ಹೋದ ಲಗ್ನದ ಮನೆಯಲ್ಲಿ "ಅಣ್ಣಾರ, ಆ ತೋರಣ ಅಷ್ಟು ಕಟ್ಟಿಬಿಡ್ರಿ" ಎಂಬ ಬಿಟ್ಟಿ ಕೆಲಸ. ಎತ್ತರದ ಕನಸು ಕಾಣುವವರೆಲ್ಲ ನಾವು, ಗಿಡ್ಡರು.

ಸುಗ್ಗಿ ಮುಗಿದು ಬಿಳಿಜೋಳ ಮನೆ ಸೇರಿತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನಬಾಗೇವಾಡಿ ಎನ್ನದೆ ನಮ್ಮ ಸೀಮೆಯಲ್ಲೆಲ್ಲ ಜಾತ್ರೆಗಳು ಏಳುತ್ತವೆ. ಜಾತ್ರೆ ಎಂದ ಮೇಲೆ ತೇರು, ಬೆಂಡು ಬತ್ತಾಸು, ನಾಟಕ, ಮತ್ತು ಕಬಡ್ಡಿ. ಕಬಡ್ಡಿಗೊಂದು ಬ್ಯಾನರ್ ಇರುತ್ತದೆ. ಊರ ಮುಖಂಡರ ಭಾವಚಿತ್ರಗಳ ನಡುವೆ ಎಲ್ಲಾದರೂ ಜಾಗ ಉಳಿದಿದ್ದರೆ ಅಲ್ಲಿ ಪಂದ್ಯದ ವಿವರ. ಪ್ರಥಮ ಬಹುಮಾನಕ್ಕೆ ಇಷ್ಟು ಸಾವಿರ ಮತ್ತು ಢಾಲು, ಪ್ರವೇಶ ಫೀ ಇಷ್ಟು, ನಿರ್ಣಾಯಕರ ತೀರ್ಮಾನವೇ ಅಂತಿಮ. ಆ ಕೊನೆಯ ಸಾಲನ್ನು ನಮ್ಮ ಕಡೆ ಇನ್ನೂ ಯಾರೂ ಓದಿದಂತಿಲ್ಲ. ಎಲ್ಲರೂ ಓದುವುದು ಇನ್ನೊಂದು ಸಾಲನ್ನು: '60 ಕೆ.ಜಿ. ಒಳಗಿನವರಿಗೆ ಮಾತ್ರ'.

ಈ ಸಲ ನಮ್ಮೂರ ತಂಡಕ್ಕೆ ಆರು ಹುಡುಗರ ಹೆಸರು ಚಹಾ ಆರುವುದರೊಳಗೆ ಬರೆದಾಯಿತು. ಏಳನೆಯ ಹೆಸರಿಗೆ ಪೆನ್ನು ನಿಂತಿತು. ಬೇಕಾಗಿದ್ದವನು ಒಬ್ಬ ಉದ್ದನೆಯ ರೈಡರ್. ಇದ್ದವರು ಇಬ್ಬರು. ಒಬ್ಬ ಹೊಳೆ ಕಡೆಯ ಓಣಿಯವನು. ಓಡಿ ಹೋಗಿ, ಓಡುತ್ತಲೇ ಕೈ ತಾಗಿಸಿ, ಓಡಿಯೇ ವಾಪಸು ಬರುವವನು. ಇನ್ನೊಬ್ಬ ಬಸ್‌ಸ್ಟ್ಯಾಂಡ್ ಕಡೆಯವನು. ಅವನಿಗೆ ಯಾವುದರ ಅವಸರವೂ ಇಲ್ಲ. ಸಾವಕಾಶವಾಗಿ ಎದುರಾಳಿ ಅಂಕಣಕ್ಕೆ ಹೋಗಿ, ಅಲ್ಲಿಯವರನ್ನೆಲ್ಲ ಮಾತಾಡಿಸಲು ಬಂದವನ ಹಾಗೆ ನಿಂತು, ಥಟ್ಟನೆ ಕಾಲು ಚಾಚುತ್ತಾನೆ. ಮೊದಲನೆಯವನ ವಕೀಲರು ಅಡತ ಅಂಗಡಿಯ ಕಾಕಾ, ತಂಡಕ್ಕೆ ಜರ್ಸಿ ಹೊಲಿಸಿಕೊಟ್ಟವರು. ಎರಡನೆಯವನ ವಕೀಲರು ರಿಟೈರ್ಡ್ ಗಣಿತದ ಮಾಸ್ತರರು.

"ಮಾಸ್ತರs, ಅಂವನ ಕೈ ನೋಡೀರೇನು? ನಡುವಿನ ಗೆರಿ ಮ್ಯಾಲ ನಿಂತು ಚಾಚಿದ್ರ ಇಂಡಿ ಮುಟ್ತಾನ."

"ಮುಟ್ಟಲಿ ಕಾಕಾ. ತಿರುಗಿ ಬರೂದು ಹ್ಯಾಂಗ? ಅಷ್ಟೊತ್ತಿಗೆ ಲಾಸ್ಟ್ ಬಸ್ ಹೋಗಿರ್ತದ."

ನಾನು ನಡುವೆ ಬಾಯಿ ಹಾಕುವುದಕ್ಕೆ ನನಗೊಂದು ಅಧಿಕಾರವಿದೆ. ನಾನು ಆಡುವ ಕಾಲದಲ್ಲಿ ಕಾರ್ನರಿನಲ್ಲಿ ನಿಲ್ಲುತ್ತಿದ್ದವನು. ಕಾರ್ನರಿನವನಿಗೆ ಜಗತ್ತಿನ ಜನರೆಲ್ಲ ಕಾಣುವುದು ಮೊಣಕಾಲಿನ ಕೆಳಗೆ. ಬೋನಸ್ ಅಂಕ ಹೇಗೆ ಸಿಗುತ್ತದೆ ನೋಡಿ. ನಡುವಿನ ಗೆರೆಯಿಂದ 3.75 ಮೀಟರಿಗೆ ಬಾಕ್ ಲೈನ್, ಅದರಾಚೆ ಇನ್ನೊಂದು ಮೀಟರಿಗೆ ಬೋನಸ್ ಗೆರೆ. (ಸುಣ್ಣದ ಪುಡಿ ಹಾಕುವವನು ಯಾವ ಊರಿನವನು ಎಂಬುದರ ಮೇಲೆ ಈ ಅಳತೆ ಒಂದಿಷ್ಟು ಹಿಗ್ಗುವುದೂ ಕುಗ್ಗುವುದೂ ಉಂಟು.) ಎದುರಿಗೆ ಆರು ಅಥವಾ ಏಳು ಮಂದಿ ಇದ್ದಾಗ ರೈಡರ್ ಆ ಗೆರೆಯ ಆಚೆ ಒಂದು ಕಾಲು ಊರಬೇಕು. ಅದೇ ಹೊತ್ತಿಗೆ ಹಿಂದಿನ ಕಾಲು ನೆಲ ಬಿಟ್ಟಿರಬೇಕು. ಅಂದರೆ ಕಣ್ಣು ಮಿಟುಕಿಸುವಷ್ಟು ಹೊತ್ತು ಇಡೀ ಆಳು ನಿಂತಿರುವುದು ಒಂದೇ ಪಾದದ ಮೇಲೆ. ಉದ್ದನೆಯವನಾದರೆ ಗೆರೆ ಸುಲಭವಾಗಿ ಸಿಗುತ್ತದೆ, ನಿಜ. ಆದರೆ ಆ ಉದ್ದ ಕಾಲನ್ನು ವಾಪಸು ಎಳೆದುಕೊಳ್ಳುವುದಕ್ಕೂ ಅಷ್ಟೇ ಹೊತ್ತು ಬೇಕಲ್ಲ! ಅಷ್ಟರಲ್ಲಿ ಕಾರ್ನರಿನ ಗಿಡ್ಡ ನೆಲಕ್ಕೆ ಬಿದ್ದು ಎರಡೂ ಕೈಯಿಂದ ಹಿಮ್ಮಡಿಯ ಮೇಲ್ಭಾಗ ಹಿಡಿದು ಎದೆಗೆ ಅವಚಿಕೊಂಡುಬಿಟ್ಟಿರುತ್ತಾನೆ. ಆಮೇಲೆ ಕವರ್‌ನವರು ಬಂದು ಮೇಲೆ ಬೀಳುವುದು ಬರೀ ಶಾಸ್ತ್ರಕ್ಕೆ. ಇದನ್ನೆಲ್ಲ ನಾನು ಕಟ್ಟೆಯ ಮೇಲೆ ಮಾಸ್ತರರ ಪಾದವನ್ನೇ ಹಿಡಿದು ಮಾಡಿ ತೋರಿಸಿದೆ. ದಾರಿಯಲ್ಲಿ ಹೋಗುತ್ತಿದ್ದವರು ನಾನು ಯಾವುದೋ ತಪ್ಪಿಗೆ ಕ್ಷಮೆ ಕೇಳುತ್ತಿದ್ದೇನೆ ಅಂದುಕೊಂಡರು.

2014ರಲ್ಲಿ ಪ್ರೊ ಕಬಡ್ಡಿ ಶುರುವಾದ ಮೇಲಂತೂ ಕಟ್ಟೆಯ ನ್ಯಾಯಕ್ಕೆ ಸಾಕ್ಷಿಗಳ ಬರವಿಲ್ಲ. ಕಾಕಾ ನೇರ ಜಕಾರ್ತಕ್ಕೇ ಹೋದರು. 1990ರಿಂದ ಏಷ್ಯನ್ ಗೇಮ್ಸ್‌ನ ಕಬಡ್ಡಿ ಚಿನ್ನವನ್ನು ಯಾರಿಗೂ ಬಿಟ್ಟುಕೊಡದ ಭಾರತದ ಗಂಡಸರು 2018ರ ಸೆಮಿಫೈನಲ್‌ನಲ್ಲಿ ಇರಾನಿಗೆ 27-18ರಿಂದ ಸೋತಿದ್ದು ಯಾತಕ್ಕೆ? "ಅವರ ಆಳು ನೋಡಿದ್ರೇನು, ಎತ್ತರ ನೋಡಿದ್ರೇನು!" ಮಾಸ್ತರರು ಸುಮ್ಮನಿರುತ್ತಾರೆಯೇ? ಅವರು 2019ರ ಜನವರಿ 5ರ ಪ್ರೊ ಕಬಡ್ಡಿಯ ಮುಂಬೈ ಫೈನಲ್ ತೆಗೆದರು. ಬೆಂಗಳೂರು ಬುಲ್ಸ್ 38, ಗುಜರಾತ್ 33. ಅದರಲ್ಲಿ ಪವನ್ ಸೆಹ್ರಾವತ್ ಒಬ್ಬನದೇ 22. "ಅಂವ ಉದ್ದ ಇದ್ದಾನಂತ ಗೆದ್ದನೇನ್ರಿ? ಜಿಗದಾನ, ಗೆದ್ದಾನ." ನಾನು ಬಿ.ಸಿ. ರಮೇಶರ ಹೆಸರು ಎತ್ತಿದೆ. ಕರ್ನಾಟಕದ ಆಟಗಾರ, ಅರ್ಜುನ ಪ್ರಶಸ್ತಿ ಪಡೆದವರು, ತರಬೇತುದಾರರಾಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್‌ಗೂ 2024ರಲ್ಲಿ ಪುಣೇರಿ ಪಲ್ಟನ್‌ಗೂ ಕಪ್ಪು ಗೆಲ್ಲಿಸಿಕೊಟ್ಟವರು. ಅಂಥವರು ಇಲ್ಲಿದ್ದಿದ್ದರೆ ಯಾರನ್ನು ಆರಿಸುತ್ತಿದ್ದರು ಎಂದು ಕೇಳಿದೆ. "ಮೊದಲ ನಿಮ್ಮನ್ನೆಲ್ಲಾ ಕಟ್ಟಿ ಮ್ಯಾಲಿಂದ ಎಬ್ಬಿಸಿ ಓಡಸ್ತಿದ್ರು" ಎಂದ, ಚಹಾದ ಕಪ್ಪು ಒಯ್ಯಲು ಬಂದ ಹೋಟೆಲ್ ಹುಡುಗ. ಅವತ್ತಿನ ಚರ್ಚೆಯಲ್ಲಿ ನನಗೆ ಪೂರ್ತಿ ಒಪ್ಪಿಗೆಯಾದ ಮಾತು ಅದೊಂದೇ.

ಇಂಥ ತಲೆನೋವು ನಮಗೆ ಮಾತ್ರವೇ ಎಂದುಕೊಂಡಿದ್ದರೆ, ಮೆಲ್ಬರ್ನ್‌ನಲ್ಲಿರುವ ನನ್ನ ಅಳಿಯ, ಅಕ್ಕನ ಮಗ, ಫೋನಿನಲ್ಲಿ ಬೇರೆಯೇ ಹೇಳಿದ. ಅಲ್ಲಿಯವರದೇ ಒಂದು ಫುಟ್‌ಬಾಲ್ ಇದೆಯಂತೆ. ಮೈದಾನವೂ ಚೆಂಡೂ ಮೊಟ್ಟೆಯಾಕಾರ, ಒಂದೊಂದು ಕಡೆ 18 ಮಂದಿ. ಚೆಂಡನ್ನು ಕೈಯಲ್ಲಿ ಹಿಡಿಯಲೂಬಹುದು. ನಡುವಿನ ಎರಡು ಕಂಬಗಳ ಮಧ್ಯೆ ಒದ್ದರೆ 6 ಅಂಕ, ಗುರಿ ತಪ್ಪಿ ಪಕ್ಕದ ಗಿಡ್ಡ ಕಂಬದ ಕಡೆ ಹೋದರೂ 1 ಅಂಕ. ತಪ್ಪಿದವನಿಗೂ ಅಂಕ ಕೊಡುವ ಆ ದೊಡ್ಡ ಮನಸ್ಸು ಮಾಸ್ತರರಿಗೆ ಬಹಳ ಹಿಡಿಸಿತು; ನೌಕರಿಯುದ್ದಕ್ಕೂ ಅವರು ಅದನ್ನು ಮಾಡಿದವರಲ್ಲ. ಆ ಆಟದಲ್ಲಿ ಕಂಬಗಳ ಮುಂದೆ ನಿಂತು ಎಲ್ಲರ ತಲೆಯ ಮೇಲಿಂದ ಚೆಂಡು ಹಿಡಿಯುವುದಕ್ಕೇ ಉದ್ದನೆಯವರನ್ನು ಇಟ್ಟುಕೊಳ್ಳುತ್ತಾರೆ. ಆರೂವರೆ ಅಡಿಯ ಆಸುಪಾಸಿನ ಲ್ಯಾನ್ಸ್ ಫ್ರಾಂಕ್ಲಿನ್ ಎಂಬಾತ 2022ರ ಮಾರ್ಚ್‌ನಲ್ಲಿ ಸಿಡ್ನಿಯಲ್ಲಿ ತನ್ನ ಸಾವಿರದ ಗೋಲು ಹೊಡೆದಾಗ ಜನ ಸಾವಿರಗಟ್ಟಲೆ ಮೈದಾನಕ್ಕೆ ನುಗ್ಗಿದರಂತೆ. ಆದರೆ ಚೆಂಡು ನೆಲಕ್ಕೆ ಬಿತ್ತೋ, ಬಗ್ಗಿ ಎತ್ತಿಕೊಂಡು ಓಡುವವರು ಗಿಡ್ಡರೇ. ಹಾಗಾಗಿ ಒಬ್ಬ ಉದ್ದನೆಯವ ಸಾಕೋ, ಇಬ್ಬರು ಬೇಕೋ, ಬೇಕಾದರೆ ಯಾರು ಎಂದು ಅಲ್ಲಿಯ ಜನ ವಾರವಾರವೂ ಬಡಿದಾಡುತ್ತಾರೆ.

ಕಾಕಾ ಎಲ್ಲ ಕೇಳಿಸಿಕೊಂಡು ಒಂದೇ ಪ್ರಶ್ನೆ ಹಾಕಿದರು: "ತೂಕಕ್ಕ ಏನೂ ಲಿಮಿಟ್ ಇಲ್ಲೇನು ಅಲ್ಲೆ?" ಇಲ್ಲ ಎಂದ ಅಳಿಯ. "ಹಂಗಾರ ಅದೇನು ಮಹಾ ಆಟ ಬಿಡು!"

ಅವರು ಹಾಗೆನ್ನುವುದರಲ್ಲಿ ಅರ್ಥವಿದೆ. ದೇಶದ ಮಟ್ಟದ ಸೀನಿಯರ್ ಗಂಡಸರ ಕಬಡ್ಡಿಗೆ 85 ಕಿಲೋ ತನಕ ಅವಕಾಶವಿದೆ. ಅಲ್ಲಿ ಉದ್ದದ ಜೊತೆ ಮೈಕಟ್ಟೂ ಇರಬಹುದು. ಜಾತ್ರೆಯ 60 ಕಿಲೋ ಎನ್ನುವುದು ಬೇರೆಯೇ ಲೆಕ್ಕ. ಎಲ್ಲರಿಗೂ ಅಳೆದು ಕೊಟ್ಟಿದ್ದು ಅದೇ ಅರವತ್ತು. ಉದ್ದನೆಯವನಿಗೆ ಅದನ್ನೇ ಎಳೆದು ಮಾಡಿದ್ದಾರೆ. ಮಾಲದಂಡಿ ಜೋಳ ಆಳೆತ್ತರ ಬೆಳೆದು, ತೆನೆ ತೂಗಿದ ಮೇಲೆ ಗಾಳಿ ಬಂದರೆ ಸಾಲಿಗೆ ಸಾಲೇ ಮಲಗಿಬಿಡುತ್ತದಲ್ಲ, ಇವರದೂ ಅದೇ ಹಣೆಬರಹ. ಅದರ ಮೇಲೆ ಅರವತ್ತರ ಒಳಗೆ ಇಳಿಯಬೇಕೆಂದು ಊಟ ಬಿಡಿಸುವುದು ಬೇರೆ. ಹೊಳೆ ಕಡೆಯ ಹುಡುಗನ ತಾಯಿ ಸೆರಗು ಸಿಕ್ಕಿಸಿಕೊಂಡು ಕಟ್ಟೆಗೇ ಬಂದಳು.

"ಕಾಕಾರ, ನನ ಮಗ ರೊಟ್ಟಿ ಮುಟ್ಟವೊಲ್ಲ. ಲಿಂಬಿ ಹಣ್ಣಿನ ನೀರು ಕುಡದು ಮಕ್ಕೊಂತಾನ. ಆಡ್ಸೂದಿದ್ರ ಆಡಸ್ರಿ, ಇಲ್ಲಾ ಉಣ್ಣಲಿಕ್ಕೆ ಬಿಡ್ರಿ. ಎರಡೂ ಇಲ್ಲದ ಇಲ್ಲಿ ಕುಂತು ಏನ್ ಮಾತಾಡಾಕತ್ತೀರಿ?"

ಇಂಡಿಯ ಲಿಂಬೆಗೆ ಜಿಐ ಟ್ಯಾಗ್ ಸಿಕ್ಕಿದೆ ಎಂದು ಮಾಸ್ತರರು ಆಕೆಗೆ ಸಮಾಧಾನ ಹೇಳಲು ಹೋದರು. ಅದು ಕೆಲಸಕ್ಕೆ ಬರಲಿಲ್ಲ. ಆಕೆ ಹೋದ ಮೇಲೆ ರಾಜಿಯಾಯಿತು: ಒಂದು ಪಂದ್ಯಕ್ಕೆ ಇವನು, ಇನ್ನೊಂದಕ್ಕೆ ಅವನು. ಇಬ್ಬರನ್ನೂ ಕಾಕಾನ ಗೋದಾಮಿಗೆ ಕರೆದೊಯ್ದು ತೊಗರಿ ಚೀಲ ತೂಗುವ ಕಾಟಾದ ಮೇಲೆ ಹತ್ತಿಸಿದರು. ಒಬ್ಬ 59 ಕಿಲೋ 900 ಗ್ರಾಂ. ಇನ್ನೊಬ್ಬ ಬರೋಬ್ಬರಿ 60. ಕಾಕಾ ಪೇಢೆ ತರಿಸಿದರು. ಹುಡುಗರಿಗೆ ಮಾತ್ರ ಕೊಡಲಿಲ್ಲ.

ಪಂದ್ಯದ ದಿನ ಮೈದಾನದ ಅಂಚಿನಲ್ಲಿ ಸಂಘಟಕರ ಕಾಟಾ ಇತ್ತು. ಮೊದಲನೆಯವನು ಹತ್ತಿದ: 60 ಕಿಲೋ 900. ಇಳಿಸಿ ಎರಡನೆಯವನನ್ನು ಹತ್ತಿಸಿದರು: 61. ಚಪ್ಪಲಿ ಬಿಚ್ಚಿಸಿದರು, ಉಡದಾರದ ತಾಯಿತ ಬಿಚ್ಚಿಸಿದರು, ಉಸಿರು ಹೊರಗೆ ಬಿಡಿಸಿದರು. ಮುಳ್ಳು ಅಲ್ಲಾಡಲಿಲ್ಲ.

"ನಿಮ್ಮ ಕಾಟಾನ ಸುಳ್ಳು ಅದ" ಎಂದು ಕಾಕಾ ಸಂಘಟಕರ ಮೇಲೆ ಹರಿಹಾಯ್ದರು. ಅವರು ನಗುತ್ತಾ ಮುದ್ರೆ ಹಾಕಿದ 20 ಕಿಲೋದ ಕಲ್ಲು ತಂದು ಇಟ್ಟರು. ಮುಳ್ಳು 20ಕ್ಕೇ ನಿಂತಿತು. ಎರಡು ಕಲ್ಲಿಟ್ಟರು, 40. ಮೂರಿಟ್ಟರು, 60.

ನಮ್ಮ ಹಿಂದೆ ಟ್ರ್ಯಾಕ್ಟರ್ ತುಂಬ ಬಂದಿದ್ದ ಊರ ರೈತರು ಆ ಹೊತ್ತಿಗೆ ಕಾಟಾದ ಸುತ್ತ ಸೇರಿದ್ದರು. ಮೈಕಿನಲ್ಲಿ ನಮ್ಮ ತಂಡದ ಹೆಸರು ಕೂಗುತ್ತಿದ್ದರು. ಉದ್ದನೆಯವರ ಬದಲಿಗೆ ಯಾರನ್ನು ಇಳಿಸುವುದೆಂದು ಕೇಳಲು ಕ್ಯಾಪ್ಟನ್ ಓಡಿ ಬಂದ. ಅವನ ಮಾತು ಯಾರ ಕಿವಿಗೂ ಬೀಳಲಿಲ್ಲ. ಹೋದ ತಿಂಗಳಷ್ಟೇ ಕಾಕಾನ ಅಂಗಡಿಗೆ ತೊಗರಿ ಹಾಕಿದ್ದ ಮುದುಕನೊಬ್ಬ ಮಾಸ್ತರರ ತೋಳು ಜಗ್ಗಿದ.

"ಮಾಸ್ತರs, ಅರವತ್ತು ಕಿಲೋಕ್ಕ ಒಂದು ಕಿಲೋ ಕಡಿಮಿ ತೋರಸ್ತಂದ್ರ, ಕ್ವಿಂಟಲಿಗೆ ಎಷ್ಟಾತ್ರಿ?"

ಮಾಸ್ತರರು ಕಾಕಾನ ಮುಖ ಒಮ್ಮೆ ನೋಡಿ, ಜೇಬಿನಿಂದ ಪೆನ್ನು ತೆಗೆದು, ಏಳನೆಯ ಹೆಸರಿಗೆಂದು ಖಾಲಿ ಬಿಟ್ಟಿದ್ದ ಹಾಳೆಯ ಮೇಲೆ ಲೆಕ್ಕ ಹಾಕತೊಡಗಿದರು.