ಲ್ಯಾಪ್‌ಟಾಪಿನ ಅಕಾಲ ನಿರ್ಯಾಣ: ಒಂದು ಬಹುಶಿಸ್ತೀಯ ತಾತ್ವಿಕ ಅನುಸಂಧಾನ

ಅಧ್ಯಾಯ 1: ಪ್ರಸ್ತಾವನೆ ಹಾಗೂ ಪ್ರಸ್ತಾವನೆಯ ಸಾಧ್ಯತೆಗಳು

ಓಡುತ್ತಿರುವ ಲ್ಯಾಪ್‌ಟಾಪು ಯಾರ ಅಪ್ಪಣೆಗೂ ಕಾಯದೆ, ಬರೆದದ್ದನ್ನು ಉಳಿಸಲೇ ಎಂದು ಸೌಜನ್ಯಕ್ಕೂ ಕೇಳದೆ, ತಟಕ್ಕನೆ ಕಣ್ಣು ಮುಚ್ಚುವ ವಿದ್ಯಮಾನವು ಕನ್ನಡ ಚಿಂತನೆಯ ನೆಲೆಯಲ್ಲಿ ಇದುವರೆಗೆ ಸಮರ್ಪಕ ಸಂಕಥನವಾಗಿ ರೂಪುಗೊಂಡಿಲ್ಲ. ಈ ಕೊರತೆಯನ್ನು ನೀಗುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಶಾಸ್ತ್ರಗ್ರಂಥಕ್ಕೆ ಅನುಬಂಧ ಚತುಷ್ಟಯ ಇರಲೇಬೇಕೆಂಬುದು ಹಿರಿಯರ ಮತ. ಅದರಂತೆ ಇಲ್ಲಿ ವಿಷಯ, ಆರಿಹೋಗುವುದು. ಪ್ರಯೋಜನ, ಆರದಿರುವುದು. ಸಂಬಂಧ, ಆರುವ ಗಳಿಗೆಗೂ ಬರಹ ಒಪ್ಪಿಸಬೇಕಾದ ಕಡೆಯ ದಿನಕ್ಕೂ ಇರುವಂಥದ್ದು. ಇನ್ನು ಅಧಿಕಾರಿ, ಎಂದರೆ ಗ್ರಂಥವನ್ನು ಓದಲು ಅರ್ಹನಾದವನು, ವಾರಂಟಿ ಮುಗಿದವನು. ವಾರಂಟಿ ಉಳಿದಿರುವವರಲ್ಲಿ ವೈರಾಗ್ಯವೇ ಹುಟ್ಟಿರುವುದಿಲ್ಲವಾದ್ದರಿಂದ ಅವರು ಓದಿ ಫಲವಿಲ್ಲ.

ಪ್ರಬಂಧದ ಭಾಷೆಯ ಬಗ್ಗೆ ಒಂದು ಮಾತು. ಇದನ್ನು ನಾನು ಮನೆಯಲ್ಲಿ ಕಲಿತದ್ದಲ್ಲ. ರಾಷ್ಟ್ರೀಯ ವಿಚಾರ ಸಂಕಿರಣಗಳಲ್ಲಿ ದೀಪ ಬೆಳಗಿ, ವೇದಿಕೆಯ ಮೇಲಿದ್ದವರಿಗೆಲ್ಲ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು ಮುಗಿಯುವಷ್ಟರಲ್ಲಿ ಹನ್ನೆರಡೂವರೆಯಾಗಿ, ಆಮೇಲೆ ಆಶಯ ಭಾಷಣಕಾರರು ಆಯಾಮ, ಮುಖಾಮುಖಿ, ಅನನ್ಯತೆ, ನೆಲೆ ಎಂಬ ನಾಲ್ಕೇ ಇಟ್ಟಿಗೆಯಲ್ಲಿ ಮುಕ್ಕಾಲು ಗಂಟೆಯ ಗೋಡೆ ಎಬ್ಬಿಸುವಾಗ, ಊಟದ ಮನೆಯಿಂದ ಬರುವ ಒಗ್ಗರಣೆಯ ವಾಸನೆಯನ್ನೇ ಆಸರೆ ಮಾಡಿಕೊಂಡು ಕೂತು ಕಲಿತದ್ದು. ಅಂಥ ಒಂದು ಸಭೆಯಲ್ಲಿ ಪ್ರೊಜೆಕ್ಟರಿಗೆ ಜೋಡಿಸಿದ್ದ ಲ್ಯಾಪ್‌ಟಾಪು ಭಾಷಣದ ನಡುವೆಯೇ ಆಫ್ ಆಯಿತು. ಆ ದಿನ ತನ್ನ ಅಭಿಪ್ರಾಯವನ್ನು ನೇರವಾಗಿ ಹೇಳಿದ್ದು ಅದೊಂದೇ.

ಅಧ್ಯಾಯ 2: ಅಭಾವ ವಿಚಾರ

ಅಕಾಲ ನಿರ್ಯಾಣವು ಹದಿನೆಂಟು ಬಗೆ. ಅವುಗಳಲ್ಲಿ ಮೊದಲ ನಾಲ್ಕನ್ನು ನ್ಯಾಯದರ್ಶನದ ಅಭಾವಗಳಲ್ಲಿ ಅಂತರ್ಗತಗೊಳಿಸಬಹುದು. ಗುಂಡಿ ಒತ್ತುವ ಮುನ್ನ ಇರುವ ಕತ್ತಲೆ ಪ್ರಾಗಭಾವ. ಅದಕ್ಕೆ ಆದಿಯಿಲ್ಲ, ಅಂತ್ಯವುಂಟು. ಓಡುತ್ತಿದ್ದದ್ದು ನಿಂತ ಮೇಲಿನ ಕತ್ತಲೆ ಪ್ರಧ್ವಂಸಾಭಾವ. ಅದಕ್ಕೆ ಆದಿಯುಂಟು, ಅಂತ್ಯವಿಲ್ಲವೆಂದು ತಾರ್ಕಿಕರು ಹೇಳುತ್ತಾರೆ. ಲ್ಯಾಪ್‌ಟಾಪು ಮಾತ್ರ ಹತ್ತು ನಿಮಿಷ ಬಿಟ್ಟು ಮತ್ತೆ ಹತ್ತಿಕೊಂಡು ತಾರ್ಕಿಕರ ಬಾಯಿ ಮುಚ್ಚಿಸುತ್ತದೆ. ಈ ಹತ್ತು ನಿಮಿಷವನ್ನು ಓದುಗರು ನೆನಪಿಡಬೇಕು. ಆರಿದ ಕೂಡಲೇ ಹತ್ತದೆ, ತುಸು ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ಹತ್ತಿಕೊಂಡರೆ ಅನುಮಾನ ಬಿಸಿಯ ಮೇಲೆ ಹೋಗಬೇಕು. ಎಂದೆಂದಿಗೂ ಹತ್ತದಿರುವುದು ಅತ್ಯಂತಾಭಾವ, ಅಂದರೆ ಮದರ್‌ಬೋರ್ಡು. ನಾಲ್ಕನೆಯದಾದ ಅನ್ಯೋನ್ಯಾಭಾವಕ್ಕೆ ಶಾಸ್ತ್ರದ ಉದಾಹರಣೆ ಮಡಕೆ ಬಟ್ಟೆಯಲ್ಲ, ಬಟ್ಟೆ ಮಡಕೆಯಲ್ಲ ಎಂಬುದು. ನಮ್ಮ ಉದಾಹರಣೆ: ವಾರಂಟಿ ಕಾರ್ಡಿನಲ್ಲಿ ಹೇಳಿರುವ ದೋಷ ನಿಮ್ಮ ಯಂತ್ರದಲ್ಲಿಲ್ಲ, ನಿಮ್ಮ ಯಂತ್ರದಲ್ಲಿರುವ ದೋಷ ವಾರಂಟಿ ಕಾರ್ಡಿನಲ್ಲಿಲ್ಲ.

ಉಳಿದ ಹದಿನಾಲ್ಕು ಬಗೆಗಳನ್ನು ಓದುಗರು ಊಹಿಸಿಕೊಳ್ಳಬಹುದು. ಹದಿನೆಂಟು ಎಂದು ಮೊದಲೇ ಘೋಷಿಸಿ ಆಮೇಲೆ ಬಗೆಗಳನ್ನು ಹುಡುಕುವುದು ನಮ್ಮ ಸಂಶೋಧನಾ ಪರಂಪರೆಗೆ ಹೊಸದೇನಲ್ಲ.

ಅಧ್ಯಾಯ 3: ಶಬ್ದಪ್ರಮಾಣ

ವಿಂಡೋಸಿನೊಳಗೆ ಈವೆಂಟ್ ವ್ಯೂವರ್ ಎಂಬ ದಫ್ತರವೊಂದಿದೆ. ಯಂತ್ರದ ಬದುಕಿನಲ್ಲಿ ನಡೆದದ್ದೆಲ್ಲ ಅಲ್ಲಿ ದಾಖಲಾಗುತ್ತದೆ. ಅಕಾಲ ನಿರ್ಯಾಣವಾದಾಗ ಅಲ್ಲಿ ಬೀಳುವ ಷರಾ ಕರ್ನಲ್-ಪವರ್, ಸಂಖ್ಯೆ 41. ದರ್ಜೆ ಕ್ರಿಟಿಕಲ್, ಪಕ್ಕದಲ್ಲಿ ಕೆಂಪು ಗುರುತು. ಎದೆ ಹೊಡೆದುಕೊಳ್ಳುತ್ತ ತೆರೆದು ಓದಿದರೆ ಅದರ ಸಾರಾಂಶ ಇಷ್ಟು: ಯಂತ್ರವು ಮೊದಲು ಕ್ರಮವಾಗಿ ಮುಚ್ಚಿಕೊಳ್ಳದೆ ಮತ್ತೆ ಆರಂಭವಾಗಿದೆ, ಅದು ಸ್ತಬ್ಧವಾಗಿದ್ದಿರಬಹುದು, ಕುಸಿದಿದ್ದಿರಬಹುದು, ಇಲ್ಲವೇ ಇದ್ದಕ್ಕಿದ್ದಂತೆ ವಿದ್ಯುತ್ತು ತಪ್ಪಿದ್ದಿರಬಹುದು.

ವಾಚಕರೇ, ಪಾಂಡಿತ್ಯವೆಂದರೆ ಇದು. ನೀವು ದೂರು ಹೇಳಲು ಹೋದಿರಿ. ಅದು ನಿಮ್ಮ ದೂರನ್ನೇ ಇಸ್ತ್ರಿ ಮಾಡಿ, ಕ್ರಮಸಂಖ್ಯೆ ಹಾಕಿ ನಿಮಗೆ ವಾಪಸು ಕೊಟ್ಟಿತು. ನಮ್ಮಲ್ಲಿ ಇಷ್ಟೇ ಹೇಳಿ ಡಾಕ್ಟರೇಟು ಪಡೆದವರಿದ್ದಾರೆ, ಆಮೇಲೆ ಇನ್ನೊಬ್ಬರಿಗೆ ಕೊಡಿಸಿದವರೂ ಇದ್ದಾರೆ. ಈ 41ನೆಯ ಷರಾ ಸಾಯುವಾಗ ಬರೆದದ್ದೂ ಅಲ್ಲ. ಮತ್ತೆ ಜೀವ ಬಂದು, ಹಿಂದಿನ ಜನ್ಮ ಸರಿಯಾಗಿ ಮುಗಿದಿಲ್ಲವೆಂದು ಅರಿವಾದಾಗ ಬರೆದದ್ದು. ಪುನರ್ಜನ್ಮವನ್ನು ಒಪ್ಪದವರು ಇದಕ್ಕೇನು ಹೇಳುತ್ತಾರೋ ತಿಳಿಯದು.

ಆದರೂ ದಫ್ತರವನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಅದೇ ಹೊತ್ತಿನ ಸುತ್ತಮುತ್ತ 1074 ಎಂಬ ಷರಾ ಇದ್ದರೆ ಅದು ಅಕಾಲ ಮರಣವೇ ಅಲ್ಲ. ಯಾವುದೋ ಪ್ರೋಗ್ರಾಮು, ಬಹಳ ಸಲ ಅಪ್‌ಡೇಟು, ವಿಧಿವತ್ತಾಗಿ ಮುಚ್ಚಿಸಿದೆ. 41ರ ವಿವರಗಳಲ್ಲಿ ಬಗ್‌ಚೆಕ್ ಕೋಡ್ ಎಂಬಲ್ಲಿ ಸೊನ್ನೆಯಲ್ಲದ ಅಂಕಿ ಇದ್ದರೆ ನೀಲಿ ಪರದೆ ಬಂದು ಹೋಗಿದೆ, ನೀವು ನೋಡುವ ಮೊದಲೇ ಯಂತ್ರ ರೀಸ್ಟಾರ್ಟ್ ಆಗಿದೆ. ಆಗ ಡ್ರೈವರನ್ನೋ ರ‍್ಯಾಮನ್ನೋ ವಿಚಾರಿಸಬೇಕು. ಅಲ್ಲಿ ಬರೀ ಸೊನ್ನೆಯಿದ್ದರೆ ಯಂತ್ರಕ್ಕೆ ಒಂದು ಸಾಲು ಗೀಚಲೂ ಪುರಸೊತ್ತು ಸಿಕ್ಕಿಲ್ಲವೆಂದು ಅರ್ಥ. ಹಾಗಾದಾಗ ಬಿಸಿ, ಬ್ಯಾಟರಿ, ಅಡಾಪ್ಟರು, ಬೋರ್ಡು, ಈ ನಾಲ್ವರ ಕಡೆ ತಿರುಗಬೇಕು. ಈ ಒಂದು ಸೊನ್ನೆಯಲ್ಲಿರುವಷ್ಟು ಮಾಹಿತಿ ಮೇಲಿನ ಕೆಂಪು ಅಕ್ಷರಗಳಲ್ಲಿಲ್ಲ. ಅದನ್ನು ಹುಡುಕಲು ಮಾತ್ರ ವಿವರಗಳ ಟ್ಯಾಬನ್ನು ಒತ್ತಿ ಒಳಗೆ ಇಳಿಯಬೇಕು.

ಅಧ್ಯಾಯ 4: ಅನುಮಾನ ಪ್ರಮಾಣ

ಬೆಟ್ಟದಲ್ಲಿ ಹೊಗೆ ಕಂಡರೆ ಬೆಂಕಿಯನ್ನು ಊಹಿಸಬೇಕೆಂಬುದು ತರ್ಕದ ಮೊದಲ ಪಾಠ. ಲ್ಯಾಪ್‌ಟಾಪಿನಲ್ಲಿ ಹೊಗೆ ಬರುವ ತನಕ ಕಾಯಬಾರದು. ಇಂಟೆಲ್‌ನ ಬಹಳಷ್ಟು ಲ್ಯಾಪ್‌ಟಾಪ್ ಪ್ರೊಸೆಸರುಗಳಿಗೆ ಒಳಗಿನ ತಾಪದ ಮಿತಿ 100 ಡಿಗ್ರಿ ಸೆಲ್ಸಿಯಸ್. ಅದನ್ನು ಮುಟ್ಟುತ್ತಿದ್ದಂತೆ ಪ್ರೊಸೆಸರು ಮೊದಲು ತನ್ನ ವೇಗವನ್ನು ತಾನೇ ಇಳಿಸಿಕೊಳ್ಳುತ್ತದೆ. ಅದಕ್ಕೂ ಬಗ್ಗದೆ ಬಿಸಿ ಏರಿದರೆ ತನ್ನನ್ನು ಸುಟ್ಟುಕೊಳ್ಳುವ ಬದಲು ಕರೆಂಟನ್ನೇ ಕಡಿದುಹಾಕುತ್ತದೆ. ಹೀಗಾಗಿ ಬಿಸಿಯಿಂದ ಆಫ್ ಆಗುವುದು ರೋಗವಲ್ಲ, ಆತ್ಮರಕ್ಷಣೆ. ರೋಗ ಇರುವುದು ಫ್ಯಾನಿನ ಹಿಂದೆ, ತಾಮ್ರದ ಹೀಟ್‌ಸಿಂಕಿನ ತೆಳು ಪದರಗಳ ಬಾಯಿಗೆ ಕಂಬಳಿಯಂತೆ ಕೂತ ಧೂಳಿನಲ್ಲಿ, ಪ್ರೊಸೆಸರಿನ ಮೇಲೆ ಒಣಗಿ ಹುಡಿಯಾದ ಥರ್ಮಲ್ ಪೇಸ್ಟಿನಲ್ಲಿ. ರಜಾಯಿಯ ಮೇಲಿಟ್ಟು ಸಿನಿಮಾ ನೋಡುವಾಗ ಆರುವ ಯಂತ್ರ ಮರದ ಮೇಜಿನ ಮೇಲೆ ಸುಮ್ಮನೆ ಓಡಿದರೆ ಅಪರಾಧಿ ರಜಾಯಿಯೇ, ವೈರಸ್ಸಲ್ಲ. ಇದನ್ನು ಹೇಳಲು ಹೇತು, ವ್ಯಾಪ್ತಿ, ನಿಗಮನ ಯಾವುದೂ ಬೇಕಿರಲಿಲ್ಲ. ಹಾಕದಿದ್ದರೆ ಪ್ರಬಂಧವಾಗುವುದಿಲ್ಲ.

ಬ್ಯಾಟರಿಯ ವಿಷಯದಲ್ಲಿ ಪ್ರಬಂಧಕಾರರು ವೇದಾಂತವನ್ನು ಆಶ್ರಯಿಸುತ್ತಾರೆ. ಪರದೆಯ ಮೂಲೆಯಲ್ಲಿ ಕಾಣುವ ಶೇಕಡಾವಾರು ಮಾಯೆ. 30 ಪರ್ಸೆಂಟ್ ಎಂದು ತೋರಿಸುತ್ತಲೇ ಕಣ್ಣು ಮುಚ್ಚುವ ಯಂತ್ರವನ್ನು ನೋಡದವರಿಲ್ಲ. ಲಿಥಿಯಂ ಅಯಾನ್ ಸೆಲ್ಲು ತುಂಬಿದಾಗ 4.2 ವೋಲ್ಟ್, ಖಾಲಿಯಾಗುವ ಹೊತ್ತಿಗೆ ಸುಮಾರು 3. ಸೆಲ್ಲು ಹಳತಾದಂತೆ ಅದರ ಒಳಗಿನ ಪ್ರತಿರೋಧ ಹೆಚ್ಚುತ್ತದೆ. ಸುಮ್ಮನೆ ಟೈಪು ಮಾಡುವಾಗ ಚೆನ್ನಾಗೇ ಇರುವ ವೋಲ್ಟೇಜು, ನೀವೊಂದು ವಿಡಿಯೋ ತೆರೆದು ಒಮ್ಮೆಲೇ ಹೆಚ್ಚು ಕರೆಂಟು ಎಳೆದಾಗ ದಡಕ್ಕನೆ ಕುಸಿಯುತ್ತದೆ. ಕನಿಷ್ಠ ಮಿತಿಗಿಂತ ಕೆಳಗಿಳಿದ ಮರುಕ್ಷಣ ಕತ್ತಲೆ. ಈ ಜಾತಿಯ ಬ್ಯಾಟರಿಯನ್ನು ಸೋನಿ ಕಂಪನಿ ಮಾರುಕಟ್ಟೆಗೆ ತಂದದ್ದು 1991ರಲ್ಲಿ, ಅದರ ಮೂಲಪುರುಷರಾದ ಮೂವರಿಗೆ ನೊಬೆಲ್ ಬಂದದ್ದು 2019ರಲ್ಲಿ. ಮಾಯೆಗೆ ಪ್ರಶಸ್ತಿ ಬರಲು ಅಷ್ಟು ಕಾಲ ಹಿಡಿಯಿತು. ಕಮಾಂಡ್ ಪ್ರಾಂಪ್ಟಿನಲ್ಲಿ ಪವರ್‌ಸಿಎಫ್‌ಜಿ ಎಂದು ಹೊಡೆದು, ಓರೆಗೆರೆ ಹಾಕಿ, ಬ್ಯಾಟರಿರಿಪೋರ್ಟ್ ಎಂದು ಸೇರಿಸಿದರೆ ಯಂತ್ರ ಒಂದು ಪಟ್ಟಿ ಬರೆದುಕೊಡುತ್ತದೆ. ಹುಟ್ಟಿದಾಗ ಬ್ಯಾಟರಿಗಿದ್ದ ಸಾಮರ್ಥ್ಯ ಎಷ್ಟು, ಈಗ ತುಂಬಿದರೆ ಹಿಡಿಸುವುದೆಷ್ಟು ಎಂಬ ಎರಡು ಅಂಕಿಗಳು ಅಲ್ಲಿರುತ್ತವೆ. ಎರಡನೆಯದು ಮೊದಲನೆಯದರ ಅರ್ಧಕ್ಕಿಂತ ಕೆಳಗಿದ್ದರೆ ಇನ್ನು ಮೀಮಾಂಸೆ ಬೇಡ, ಬ್ಯಾಟರಿ ಬದಲಿಸಿ. ಕೆಳಗಿನ ಮುಚ್ಚಳ ಉಬ್ಬಿ, ಟಚ್‌ಪ್ಯಾಡು ಮೇಲೆದ್ದಿದ್ದರೆ ಇವತ್ತೇ ಬದಲಿಸಿ. ಉಬ್ಬಿದ ಬ್ಯಾಟರಿ ಬೆಂಕಿ ಹತ್ತಿಕೊಳ್ಳಬಲ್ಲದು, ಅದರಲ್ಲಿ ತಮಾಷೆಯಿಲ್ಲ.

ಆಯುರ್ವೇದದ ಪಥ್ಯದಂಥ ಒಂದು ಪರೀಕ್ಷೆಯೂ ಉಂಟು. ಬಯಾಸ್ ಪರದೆ ತೆರೆದು ಯಂತ್ರವನ್ನು ಹಾಗೇ ಬಿಡುವುದು. ಅಲ್ಲಿ ವಿಂಡೋಸ್ ಇನ್ನೂ ಹುಟ್ಟಿರುವುದಿಲ್ಲ. ಅಲ್ಲೂ ಆರಿದರೆ ವಿಂಡೋಸನ್ನು ಗೌರವಪೂರ್ವಕವಾಗಿ ಬಿಡುಗಡೆ ಮಾಡಿ, ಅದನ್ನು ಮತ್ತೆ ಹಾಕಿಸುವ ಖರ್ಚನ್ನೂ ಉಳಿಸಿಕೊಳ್ಳಬಹುದು.

ಅಧ್ಯಾಯ 5: ಚಾರ್ವಾಕ ದರ್ಶನ, ಅಥವಾ ಸರ್ವಿಸ್ ಸೆಂಟರ್

ಪ್ರತ್ಯಕ್ಷವೊಂದೇ ಪ್ರಮಾಣ ಎಂಬ ಚಾರ್ವಾಕ ಮತ ನಶಿಸಿತೆಂದು ತತ್ತ್ವಶಾಸ್ತ್ರದ ಚರಿತ್ರಕಾರರು ಬರೆದಿದ್ದಾರೆ. ತಪ್ಪು. ಅದು ಗಾಜಿನ ಬಾಗಿಲು, ಟೋಕನ್ ಯಂತ್ರ ಮತ್ತು ಏಸಿಯ ನಡುವೆ ಸುಖವಾಗಿದೆ. ಯಂತ್ರ ಇಪ್ಪತ್ತು ಸಲ ಆಫ್ ಆಗಿದೆ ಎಂದು ನೀವು ಹೇಳುತ್ತೀರಿ. 'ಸರ್, ನಮ್ಮ ಕಡೆ ಅಬ್ಸರ್ವೇಶನ್‌ನಲ್ಲಿ ಇಟ್ಟಿದ್ವಿ. ಪ್ರಾಬ್ಲಂ ಏನೂ ಬಂದಿಲ್ಲ.' ಯಾಕೆ ಬರುತ್ತದೆ? ಅಲ್ಲಿ ಏಸಿ ಇದೆ, ಗಟ್ಟಿ ಮೇಜಿದೆ, ಚಾರ್ಜರು ಸಿಕ್ಕಿಸಿದೆ, ಯಾರೂ ಏನೂ ತೆರೆದಿಲ್ಲ. 'ಫ್ಯಾನ್ ಬಿಚ್ಚಿ ನೋಡಿದ್ರಾ?' 'ಇಲ್ಲ ಸರ್, ಸಾಫ್ಟ್‌ವೇರ್ ಟೆಸ್ಟ್ ಪಾಸ್ ಆಗಿದೆ. ಒಂದ್ಸಲ ಫಾರ್ಮ್ಯಾಟ್ ಮಾಡಿಸ್ಬಿಡಿ. ಡೇಟಾಗೆ ನಾವು ಜವಾಬ್ದಾರಿ ಇರಲ್ಲ, ಇಲ್ಲೊಂದು ಸೈನ್ ಹಾಕಿ.'

ಎರಡನೆಯ ಸಲ ಹೋದರೆ ಚಾರ್ವಾಕರು ಏಕಾಏಕಿ ಶೂನ್ಯವಾದಿಗಳಾಗುತ್ತಾರೆ. 'ಮದರ್‌ಬೋರ್ಡ್ ಹೋಗಿದೆ ಸರ್.' ಏನು ಹೋಗಿದೆ ಅದರಲ್ಲಿ? 'ಬೋರ್ಡೇ ಸರ್.' ಸಾವಿರಾರು ಬಿಡಿಭಾಗಗಳಿರುವ ಹಸಿರು ಹಲಗೆಯಲ್ಲಿ ಯಾವುದು ಕೆಟ್ಟಿದೆ ಎಂಬ ಪ್ರಶ್ನೆಯೇ ಆ ಕಟ್ಟಡದೊಳಗೆ ಹುಟ್ಟುವುದಿಲ್ಲ. ಎಸ್ಟಿಮೇಟು ಮಾತ್ರ ಹುಟ್ಟುತ್ತದೆ. ಅದಕ್ಕಿಷ್ಟು ಸೇರಿಸಿದರೆ ಹೊಸದೇ ಬರುತ್ತದೆಂದು ಅವರೇ ಹೇಳುತ್ತಾರೆ, ಎದುರಿಗಿರುವ ಶೋರೂಮನ್ನೂ ತೋರಿಸುತ್ತಾರೆ. ಕೌಂಟರಿನಲ್ಲಿ ಕೂತ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಬಿಚ್ಚಬೇಡ, ಬದಲಿಸು ಎಂದು ಅವನಿಗೆ ಹೇಳಿಕೊಟ್ಟವರ ಮೇಲೆ ಸಿಟ್ಟು. ಸಾಲ ಮಾಡಿ ಮಗಳಿಗೆ ಲ್ಯಾಪ್‌ಟಾಪು ಕೊಡಿಸಿ, ಈಗ ಆ ಎಸ್ಟಿಮೇಟನ್ನು ಕೈಯಲ್ಲಿ ಹಿಡಿದು ಇಂಗ್ಲಿಷಿನಲ್ಲಿ ಏನು ಕೇಳಬೇಕೆಂದು ತಿಳಿಯದೆ ನಿಂತ ತಂದೆಯನ್ನು ಅಲ್ಲಿ ಕಂಡಿದ್ದೇನೆ. ಅವರಿಗೆ ಅನ್ಯೋನ್ಯಾಭಾವ ವಿವರಿಸಲು ಹೋಗಿ ನೋಡಿ.

ಅಧ್ಯಾಯದ ಸಂಖ್ಯೆಗಳು ಇಲ್ಲಿಗೆ ಸಾಕು.

ಮೊದಲೆಲ್ಲ ಲ್ಯಾಪ್‌ಟಾಪಿನ ಬ್ಯಾಟರಿ ಹೊರಗೇ ಇರುತ್ತಿತ್ತು. ಎರಡು ಕೊಂಡಿ ಸರಿಸಿದರೆ ಕೈಗೆ ಬರುತ್ತಿತ್ತು. ತೆಗೆದಿಟ್ಟು, ಬರೀ ಅಡಾಪ್ಟರಿನಲ್ಲಿ ಓಡಿಸಿ ನೋಡಿ, ಕಳ್ಳ ಯಾರೆಂದು ಮನೆಯಲ್ಲೇ ತೀರ್ಮಾನ ಮಾಡಬಹುದಿತ್ತು. ಈಗ ತೆಳ್ಳಗಿನ ಚಂದಕ್ಕಾಗಿ ಅದನ್ನು ಒಳಗೆ ಹುದುಗಿಸಿದರು, ಕೆಲವು ಮಾದರಿಗಳಲ್ಲಿ ಅಂಟು ಹಾಕಿ ಕೂರಿಸಿದರು, ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿದರು. ಸ್ಕ್ರೂಗಳಿಗೂ ಊರಿನ ಅಂಗಡಿಯಲ್ಲಿ ಸಿಗದ ತಲೆ ಕೊಟ್ಟರು. ಬ್ಯಾಟರಿ ಸವೆಯುವ ವಸ್ತು ಎಂದು ಮಾಡಿದವರಿಗೆ ಚೆನ್ನಾಗಿ ಗೊತ್ತು. ಗೊತ್ತಿದ್ದೂ ಅಂಟು ಹಾಕಿದವರ ಬುದ್ಧಿಗೆ ನನ್ನಲ್ಲಿ ಪಾರಿಭಾಷಿಕ ಪದವಿಲ್ಲ, ಇರುವ ಪದಗಳನ್ನು ಸಂಪಾದಕರು ಅಚ್ಚು ಹಾಕುವುದಿಲ್ಲ. ಯುರೋಪಿನವರು 2023ರಲ್ಲಿ ಕಾನೂನು ಮಾಡಿ, ಇಂಥ ಸಾಧನಗಳ ಬ್ಯಾಟರಿಯನ್ನು ಬಳಕೆದಾರರೇ ತೆಗೆದು ಬದಲಿಸುವಂತಿರಬೇಕೆಂದು 2027ರ ಫೆಬ್ರುವರಿ 18ರ ಗಡುವು ಇಟ್ಟಿದ್ದಾರೆ. ನಮ್ಮ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ದುರಸ್ತಿಯ ಹಕ್ಕಿಗಾಗಿ ಒಂದು ಸಮಿತಿ ಮಾಡಿ, ಕೃಷಿ ಉಪಕರಣ, ಮೊಬೈಲು, ಗೃಹೋಪಯೋಗಿ ವಸ್ತು, ವಾಹನ ಎಂದು ಕ್ಷೇತ್ರಗಳನ್ನು ಗುರುತಿಸಿ, ಡಿಸೆಂಬರಿನಲ್ಲಿ ಪೋರ್ಟಲ್ಲೊಂದನ್ನು ತೆರೆಯಿತು. ಲ್ಯಾಪ್‌ಟಾಪು ಗೃಹೋಪಯೋಗಿಯೋ ಅಲ್ಲವೋ ಎಂಬ ಚರ್ಚೆಗೆ ಎರಡು ದಿನದ ಸಂಕಿರಣವನ್ನು ಈಗಲೇ ಯೋಜಿಸಬಹುದು.

ನನ್ನ ಯಂತ್ರಕ್ಕೆ ಕೊನೆಗೆ ಏನಾಗಿತ್ತೆಂದು ಹೇಳಿದವರು ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಮೆಟ್ಟಿಲ ಕೆಳಗಿನ ಅಂಗಡಿಯವರು. ಬೋರ್ಡಿನ ಮೇಲೆ 'ಚಿಪ್ ಲೆವೆಲ್ ಸರ್ವಿಸ್' ಎಂದಿತ್ತು. 'ಬಿಡಿ ಸಾರ್, ನೋಡಣ' ಎಂದು ಮುಚ್ಚಳ ಬಿಚ್ಚಿದರು. ಮಲ್ಟಿಮೀಟರಿನ ಎರಡು ಮೊನೆ ಊರಿ 'ಶಾರ್ಟ್ ಐತೆ' ಎಂದರು. ಬೋರ್ಡಿನ ಆ ಭಾಗಕ್ಕೆ ಹೊರಗಿನಿಂದ ಸಣ್ಣ ವೋಲ್ಟೇಜು ಕೊಟ್ಟು, ಮೇಲೆ ಐಸೊಪ್ರೊಪೈಲ್ ಆಲ್ಕೊಹಾಲ್ ಸವರಿ ಸುಮ್ಮನೆ ನೋಡುತ್ತ ಕೂತರು. ಬೋರ್ಡೆಲ್ಲ ಒದ್ದೆಯಾಗಿರುವಾಗ ಒಂದು ಚುಕ್ಕೆ ಮಾತ್ರ ಬೇಗ ಒಣಗಿತು. ಬಿಸಿಯಾಗುತ್ತಿದ್ದ, ಸಾಸಿವೆ ಗಾತ್ರದ ಕೆಪಾಸಿಟರ್ ಅದು. ಹಾಟ್ ಏರ್‌ನಿಂದ ಎಬ್ಬಿಸಿ, ಸತ್ತ ಇನ್ನೊಂದು ಬೋರ್ಡಿನಿಂದ ಅಂಥದ್ದೇ ಒಂದನ್ನು ಕಿತ್ತು ಕೂರಿಸಿದರು. ಹೇತು, ದೃಷ್ಟಾಂತ, ನಿಗಮನ ಎಲ್ಲವೂ ಅಲ್ಲೇ, ಚಹಾ ತಣ್ಣಗಾಗುವುದರೊಳಗೆ ಮುಗಿದಿತ್ತು. ಇಷ್ಟು ಚೊಕ್ಕದ ಅನುಮಾನವನ್ನು ನಾನು ಯಾವ ವಿಚಾರ ಸಂಕಿರಣದಲ್ಲೂ ಕೇಳಿಲ್ಲ. ಆದರೆ ಅವರು ಮಾಡಿದ್ದು ರಿಪೇರಿ ಅನ್ನಿಸಿಕೊಳ್ಳುತ್ತದೆ, ನಾನು ಮೇಲೆ ಬರೆದದ್ದು ಸಂಶೋಧನೆ. ಅವರಿಗೆ ಶಿಷ್ಯರಿದ್ದಾರೆ, ಪಠ್ಯಪುಸ್ತಕವಿಲ್ಲ. ಗಲ್ಲಿಯಿಂದ ಗಲ್ಲಿಗೆ ಕೈಯಿಂದ ಕೈಗೆ ದಾಟುವ ಈ ವಿದ್ಯೆ, ಬೋರ್ಡುಗಳು ಬಿಚ್ಚಲಾಗದಂತಾದ ಮೇಲೆ ಎಲ್ಲಿಗೆ ಹೋಗುತ್ತದೋ.

ಮುಂದಿನ ಸಂಕಿರಣಕ್ಕೆ ಸಂಪನ್ಮೂಲ ವ್ಯಕ್ತಿಯಾಗಿ ಬರುತ್ತೀರಾ ಎಂದು ಕೇಳಿದೆ. ಪ್ರಯಾಣ ಭತ್ಯೆ ಉಂಟು, ಶಾಲು ಉಂಟು ಎಂದೆ. ಅವರು ಕನ್ನಡಕ ಹಣೆಗೇರಿಸಿ, 'ಅದೆಲ್ಲ ಬೇಡ ಸಾರ್. ಈ ಮಾಡೆಲ್‌ದು ಸ್ಕೀಮ್ಯಾಟಿಕ್ ಎಲ್ಲೂ ಸಿಗ್ತಿಲ್ಲ. ಕಂಪನೀಲಿ ಯಾರಾದ್ರೂ ಗೊತ್ತಿದ್ರೆ ಅದೊಂದು ಕೊಡ್ಸಿ' ಎಂದರು.