‘ನನ್ನನ್ನು ಅವೈಜ್ಞಾನಿಕ ಅನ್ನಬೇಡಿ!’

ಭಾನುವಾರ ಬೆಳಗ್ಗೆ ನೆಲಕ್ಕಂಟಿಕೊಂಡು ಗುಡುಗುತ್ತ ಬರುವ ಕೆಂಪು, ಹಳದಿ ಕಾರುಗಳ ಸಾಲು ನಮ್ಮ ಕಡೆಗೆ ಹಳೇ ಸುದ್ದಿ. ಈಗಿನ ಮಾತು ಬೇರೆ. ಅರ್ಧ ದಿನ ರಸ್ತೆಯನ್ನೇ ಬಂದ್ ಮಾಡಿಸಿ ಆ ಕಾರಿನವರಿಗೆ ಬಿಟ್ಟುಕೊಡಬೇಕಂತೆ. ಹೈದರಾಬಾದ್‌ನಲ್ಲಿ 2023ರಲ್ಲಿ, ಚೆನ್ನೈನಲ್ಲಿ 2024ರಲ್ಲಿ ರಸ್ತೆ ಮುಚ್ಚಿ ನಡೆಸಿದ್ದು ರೇಸು. ಇದು ರೇಸಲ್ಲ, ಬರೀ ವಿಹಾರವಂತೆ. ಇದರಲ್ಲಿ ಮೊದಲು ಜೀವ ಹೋಗುವುದು ಯಾರದೆಂದು ಯೋಚಿಸಿ, ಮಾಗಡಿ–ರಾಮನಗರ ರಸ್ತೆಯಲ್ಲಿ ಶಾಲೆಯೊಂದರ ಎದುರು ಬಿದ್ದುಕೊಂಡಿರುವ ಹಂಪ್ಸನ್ನು ಮಾತಾಡಿಸಿದೆ.

ಕಾರಿನವರು ಬರುವ ಮುಂಚೆ ನಿಮ್ಮನ್ನು ಕಿತ್ತುಹಾಕುತ್ತಾರಂತೆ?

ಅದಿರ್ಲಿ ಸ್ವಾಮಿ. ನೀವು ಪೇಪರ್ನೋರು ನನ್ನ ಯಾವಾಗ್ಲೂ ‘ಅವೈಜ್ಞಾನಿಕ ರಸ್ತೆ ಉಬ್ಬು’ ಅಂತ್ಲೇ ಯಾಕೆ ಬರೀತೀರ? ಕುಡಿದು ಬಿದ್ದೋನಿಗೂ ನಾನೇ ಕಾರಣ, ಫೋನ್ ನೋಡ್ಕೊಂಡು ಬಿದ್ದೋನಿಗೂ ನಾನೇ ಕಾರಣ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಲೆಕ್ಕ ಗೊತ್ತಾ? 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ. 25 ಕಿ.ಮೀ. ವೇಗದಲ್ಲಿ ಬಂದ್ರೆ ತೊಡೆ ಮೇಲಿನ ಮಗೂನೂ ಏಳಲ್ಲ.

ನೀವು ಆ ಲೆಕ್ಕಕ್ಕೆ ಸರಿಯಾಗಿದ್ದೀರಾ?

ನನ್ನ ಹಾಕ್ದಾಗ ಯಾರ ಕೈಲೂ ಟೇಪ್ ಇರ್ಲಿಲ್ಲ. ಮುಂದಿನ ಪ್ರಶ್ನೆ.

ಬಿಳಿ ಪಟ್ಟೆ ಇಲ್ಲ, ಬೋರ್ಡಿಲ್ಲ, ಬೀದಿದೀಪ ಇಲ್ಲ. ರಾತ್ರಿ ಬೈಕಿನವರು ಹಾರಿ ಬೀಳುತ್ತಾರೆ…

ಅವೈಜ್ಞಾನಿಕ ಅಂತೀರಲ್ಲ, ವಿಜ್ಞಾನಿ ಯಾವತ್ತಾದ್ರೂ ಈ ರಸ್ತೇಲಿ ಬಂದವ್ನಾ?

ಹೋಗಲಿ. ಹೆಜ್ಜಾಲ–ಕನಕಪುರ–ಚಾಮರಾಜನಗರ ರೈಲು ಮಾರ್ಗ 1996-97ರಲ್ಲೇ ಮಂಜೂರಾಗಿದೆ. ಕನಕಪುರಕ್ಕೆ ಇನ್ನೂ ರೈಲಿಲ್ಲ, ಮಾಗಡಿಗೂ ಇಲ್ಲ. ನಿಮ್ಮ ಅಭಿಪ್ರಾಯ?

ನಾನು ಹಂಪ್ಸು ಸ್ವಾಮಿ.

ಇದ್ದರೇನು? ರೈಲು ಬಂದಿದ್ದರೆ ಈ ರಸ್ತೆಯ ಮೇಲೆ ಇಷ್ಟು ಭಾರ ಬೀಳುತ್ತಿತ್ತೇ? ಕಾರಿಗೆ ರಸ್ತೆ ಖಾಲಿ ಮಾಡಿಸುವವರಿಗೆ ಜನರಿಗೆ ಹಳಿ ಹಾಕಿಸಲು ಏಕೆ ಆಗುವುದಿಲ್ಲ?

ನೀವು ಕಾರಿನ ವಿಷ್ಯ ಕೇಳಕ್ಕೆ ಬಂದಿದ್ದು.

ಸರಿ, ಕಾರು. ಸ್ಪರ್ಧೆಯಲ್ಲ ಎನ್ನುತ್ತಾರಲ್ಲ?

ಸ್ಪರ್ಧೆ ಅಲ್ದಿದ್ರೆ ರಸ್ತೆ ಯಾಕೆ ಮುಚ್ಬೇಕು? ಸ್ಪರ್ಧೆ ಇಲ್ದೆ ಓಡಾಡೋರು ಇಲ್ಲಿ ಮೊದ್ಲಿಂದ್ಲೂ ಅವ್ರೆ. ಎಮ್ಮೆ ಹೊಡ್ಕೊಂಡು ಹೋಗೋ ಅಜ್ಜಿ ಯಾರ ಜೊತೆ ರೇಸು? ಅವಳಿಗೋಸ್ಕರ ಯಾರಾದ್ರೂ ಹಗ್ಗ ಕಟ್ಟಿ ರಸ್ತೆ ಮುಚ್ಚವ್ರಾ? ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ನೋಡಿ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರಿಗೆ ಅಲ್ಲಿ ಪ್ರವೇಶ ಇಲ್ಲ. ಜೀವ ಉಳೀಲಿ ಅಂತ ಮಾಡಿದ್ರು, ಒಪ್ಕೊಂಡ್ರು ಜನ. ಪಕ್ಕದ ಸರ್ವಿಸ್ ರಸ್ತೇಲಿ ತೆವಳ್ತಾವ್ರೆ. ಅಷ್ಟು ದೊಡ್ಡ ರಸ್ತೆ ಸಾಲ್ದೆ ಈ ಸಣ್ಣ ರಸ್ತೇನೂ ಬೇಕಾ?

ಅರ್ಧ ದಿನ ತಾನೇ?

(ಹಂಪ್ಸ್ ಇಲ್ಲಿ ನಗು ನಿಲ್ಲಿಸಿತು.) ಅರ್ಧ ದಿನ ಅಂದ್ರೆ ಏನು ಗೊತ್ತಾ? ಚಂದ್ರಿಕೆಯಿಂದ ರೇಷ್ಮೆ ಗೂಡು ಬಿಡಿಸಿ, ಚೀಲಕ್ಕೆ ತುಂಬಿ, ರಾಮನಗರ ಮಾರ್ಕೆಟ್ಟಿಗೆ ಹೊರಟೋನು ಹರಾಜಿನ ಹೊತ್ತಿಗೆ ಅಲ್ಲಿರ್ಬೇಕು. ಗೂಡು ಕಾಯಲ್ಲ. ಒಳಗಿನ ಹುಳ ಚಿಟ್ಟೆಯಾಗಿ ತೂತು ಕೊರೆದ್ರೆ ನೂಲು ಬಿಚ್ಚಲ್ಲ, ರೀಲರ್ ಮುಟ್ಟಲ್ಲ. ರಾತ್ರಿಯೆಲ್ಲ ಎದ್ದು ಸೊಪ್ಪು ಹಾಕಿದ ಹೆಂಗ್ಸಿಗೆ ‘ತಾಳಮ್ಮ, ಕಾರು ಹೋಗ್ಲಿ’ ಅಂತ ಹೇಳೋರು ಯಾರು? ಹೆರಿಗೆ ನೋವು ಬಂದ್ರೆ ಸುತ್ತು ಹಾಕ್ಕೊಂಡು ಹೋಗ್ಬೇಕಾ? ಇನ್ನು ನನ್ನ ವಿಷ್ಯ. ಊರಿನ ಮುಂದೆ ನಮ್ಮಂಥೋರು ಹುಟ್ಟೋದು ಹೆಣ ಬಿದ್ಮೇಲೆ ಸ್ವಾಮಿ. ಶಾಲೆ ಮಗೂನ ಗುದ್ದಿ ಹೋದ್ಮೇಲೆ, ರಸ್ತೆ ತಡೆ ಆದ್ಮೇಲೆ, ರಾತ್ರೋರಾತ್ರಿ ಜಲ್ಲಿ ಟಾರು ಸುರೀತಾರೆ. ಅಳತೆ ತಪ್ಪಿರ್ಬೋದು. ಆದ್ರೆ ನನ್ನ ಕೀಳೋಕೆ ಬರೋನು ಆ ಮಗು ಮನೆಗೆ ಹೋಗಿ ಕೇಳ್ಕೊಂಡು ಬರ್ಲಿ.

ಕೊನೆಯದಾಗಿ, ರೈಲು…

ನಡೀರಿ ಸ್ವಾಮಿ, ಸ್ಕೂಲ್ ಬಿಡೋ ಹೊತ್ತಾಯ್ತು.

ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಪ್ರಕಾರ, ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ ಸಾರ್ವಜನಿಕ ಸ್ಥಳದಲ್ಲಿ ರೇಸ್ ಅಥವಾ ವೇಗದ ಪರೀಕ್ಷೆ ನಡೆಸಿದರೆ ಮೊದಲ ಸಲಕ್ಕೆ ಮೂರು ತಿಂಗಳವರೆಗೆ ಜೈಲು, 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ವಿಹಾರವೆಂದು ಹೆಸರಿಟ್ಟುಕೊಂಡು ಈ ಕಲಮಿನ ಪಕ್ಕದಿಂದ ನುಸುಳುವುದು ಸುಲಭ. ನಿಮ್ಮ ಊರಿಗೆ ರಸ್ತೆ ಬಂದ್ ನೋಟಿಸ್ ಬಂದರೆ, ಆಕ್ಷೇಪಣೆಯನ್ನು ಬರೆದೇ ಜಿಲ್ಲಾಧಿಕಾರಿ ಕಚೇರಿಗೆ ಕೊಡಿ. ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಬರಬೇಡಿ.