ಹೊಸಹಳ್ಳಿಯಲ್ಲಿ ಹಿಂಗಿನ ಸಂಚಾರ: ಒಂದು ಖಂಡನಗ್ರಂಥ

ಬೆಂಗಳೂರಿನ ವಿಜಯನಗರಕ್ಕೆ ಅಂಟಿಕೊಂಡಿರುವ ಹೊಸಹಳ್ಳಿಯಲ್ಲಿ ಒಂದು ಮನೆಯ ಒಗ್ಗರಣೆ ಪಕ್ಕದ ಮನೆಯ ಸೀನಿಗೆ ಕಾರಣ ಎಂಬುದು ಪ್ರತ್ಯಕ್ಷ ಪ್ರಮಾಣ; ಇದರಲ್ಲಿ ಯಾರಿಗೂ ತಕರಾರಿಲ್ಲ. ತಕರಾರಿರುವುದು ಘಾಟನ್ನು ಹೊತ್ತು ತಂದವರು ಯಾರೆಂಬುದರಲ್ಲಿ. ವಿಜ್ಞಾನದ ಪಾಠ ಓದಿದವರೆಲ್ಲ ‘ವಿಸರಣೆ, ಅಣುಗಳು ದಟ್ಟಣೆ ಹೆಚ್ಚಿರುವಲ್ಲಿಂದ ಕಡಿಮೆ ಇರುವಲ್ಲಿಗೆ ಹರಡುತ್ತವೆ’ ಎಂದು ಒಂದೇ ಉಸಿರಿಗೆ ಒಪ್ಪಿಸುತ್ತಾರೆ. ವ್ಯಾಖ್ಯೆ ಸರಿ, ತೀರ್ಪು ತಪ್ಪು. ದುಡಿದದ್ದು ಗಾಳಿ, ಶಾಲು ಹೊದಿಸಿಕೊಂಡದ್ದು ವಿಸರಣೆ ಎಂಬುದೇ ಈ ಗ್ರಂಥದ ಸಿದ್ಧಾಂತ.

ಮೊದಲ ಸಾಕ್ಷಿ ಹಿಂಗೇ. ಸೌಟಿನ ಕಾದ ಎಣ್ಣೆಯಲ್ಲಿ ಸಾಸಿವೆ ಚಟಪಟ ಸಿಡಿದು, ಕರಿಬೇವು ಸೊರ್ರೆಂದ ಮೇಲೆ ಒಂದು ಚಿಟಿಕೆ ಹಿಂಗು ಬೀಳುತ್ತದೆ. ಹಿಂಗಿಗೆ ಆ ಘಾಟು ಕೊಡುವ ಗಂಧಕದ ಅಣುಗಳಲ್ಲಿ ಮುಖ್ಯವಾದೊಂದರ ಅಣುಭಾರ 162. ಅಮೋನಿಯಾದ್ದು ಬರೀ 17. ಅನಿಲದ ವೇಗ ಅದರ ಭಾರದ ವರ್ಗಮೂಲಕ್ಕೆ ವಿಲೋಮ ಎಂಬ ಥಾಮಸ್ ಗ್ರಹಾಂನ ನಿಯಮ ಹಿಡಿದರೆ ಹಿಂಗು ಅಮೋನಿಯಾಕ್ಕಿಂತ ಮೂರು ಪಟ್ಟು ಮಂದ. ಆದರೂ ಸೆಕೆಂಡಿಗೆ 200 ಮೀಟರಿನ ಆಸುಪಾಸಿನ ಓಟ. ಕಣ್ಣು ಮಿಟುಕಿಸುವಷ್ಟರಲ್ಲಿ ಬೀದಿಯ ಕೊನೆ ಮುಟ್ಟಬೇಕಿತ್ತು. ಮುಟ್ಟುವುದಿಲ್ಲ. ಕಾರಣ, ಮಿಲಿಮೀಟರಿನ ಹತ್ತು ಸಾವಿರದ ಒಂದು ಪಾಲು ಸಾಗುವ ಮುಂಚೆಯೇ ಗಾಳಿಯ ಅಣುವೊಂದು ಡಿಕ್ಕಿ ಹೊಡೆಯುತ್ತದೆ, ದಿಕ್ಕು ತಪ್ಪುತ್ತದೆ. ಸೆಕೆಂಡಿಗೆ ಇಂಥ ಡಿಕ್ಕಿ ನೂರಾರು ಕೋಟಿ. ಸಂಜೆ ಏಳರ ಮಾಗಡಿ ರಸ್ತೆಯ ಆಟೊ ಇದಕ್ಕಿಂತ ವಾಸಿ, ಅದಕ್ಕೆ ಹೋಗಬೇಕಾದ ಊರಾದರೂ ಗೊತ್ತಿರುತ್ತದೆ. ಹೀಗೆ ತಡವರಿಸುವವನಿಗೆ ದೂರ ಎರಡರಷ್ಟಾದರೆ ಕಾಲ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಎರಡು ಮನೆಗಳ ನಡುವಿನ ಒಂದು ಮೀಟರ್ ಸಂದಿ ದಾಟಲು ಹಿಂಗಿಗೆ ಸುಮಾರು ಒಂದು ದಿನ ಬೇಕು. ಮೂರು ಮೀಟರಿಗೆ ಒಂಬತ್ತು ದಿನ. ನವರಾತ್ರಿಯ ಪಾಡ್ಯದಂದು ಹಾಕಿದ ಒಗ್ಗರಣೆ ಎದುರುಮನೆಗೆ ವಿಜಯದಶಮಿಯಂದು ತಲುಪಬೇಕಾಗಿತ್ತು. ಆ ಮನೆಯವರು ಸೀನುವುದೋ, ಸಾಸಿವೆ ಸಿಡಿದ ಮರುನಿಮಿಷ.

ಇಲ್ಲಿ ಪೂರ್ವಪಕ್ಷದವರು ಊದುಬತ್ತಿ ಹಿಡಿದು ಬರುತ್ತಾರೆ: ಬಾಗಿಲು ಹಾಕಿ, ಫ್ಯಾನು ಆರಿಸಿದರೂ ದೇವರಮನೆಯ ಪರಿಮಳ ನಡುಮನೆ ತುಂಬುವುದಿಲ್ಲವೇ? ಅವರು ಹೊಗೆಯನ್ನೇ ನೋಡಲಿ. ಎಳೆ ಮೊದಲು ನೆಟ್ಟಗೆ ಏರಿ, ಗೇಣುದ್ದದ ಮೇಲೆ ಸುರುಳಿಯಾಗಿ ಚದುರುತ್ತದೆ. ಕೆಂಡದ ಕಾವಿಗೆ ಗಾಳಿಯೇ ಮೇಲೇಳುತ್ತಿದೆ. ಕೂತು ಮಂತ್ರ ಹೇಳುವವರ ಮೈ ಬಿಸಿಯೂ ಸುತ್ತಲಿನ ಗಾಳಿಯನ್ನು ಕಲಕುತ್ತದೆ. ನಿಂತ ಗಾಳಿಯೆಂಬುದು ಪಠ್ಯಪುಸ್ತಕದ ಚಿತ್ರದಲ್ಲಿ ಮಾತ್ರ ಉಂಟು.

ದ್ರವಗಳಲ್ಲಂತೂ ವಿಸರಣೆಯ ಆಲಸ್ಯಕ್ಕೆ ಎಣೆಯಿಲ್ಲ: ಅನಿಲಕ್ಕಿಂತ ಸುಮಾರು ಹತ್ತು ಸಾವಿರ ಪಟ್ಟು ನಿಧಾನ. ಅಡೋಲ್ಫ್ ಫಿಕ್ ಎಂಬ ವೈದ್ಯ 1855ರಲ್ಲಿ ನೀರಿನಲ್ಲಿ ಉಪ್ಪು ಹರಡುವುದನ್ನು ಅಳೆದು ನಿಯಮ ಬರೆದ. ಅದನ್ನು ಕಾಫಿಗೆ ಅನ್ವಯಿಸಿ. ಲೋಟದ ತಳದ ಸಕ್ಕರೆ ಐದು ಸೆಂಟಿಮೀಟರ್ ಮೇಲೇರಲು, ಕಲಕದಿದ್ದರೆ, ಸುಮಾರು ಒಂದು ತಿಂಗಳು. ‘ಕಾಫಿ ಬಿಸಿಯಲ್ಲವೇ?’ ಎನ್ನಬಹುದು. ಬಿಸಿಗೆ ಅಣುಗಳು ಚುರುಕಾಗುವುದು ನಿಜ, ಆದರೂ ವಾರ ದಾಟುತ್ತದೆ. ಅಷ್ಟು ದಿನ ಬಿಸಿಯಾಗಿರುವ ಕಾಫಿ ಇನ್ನೂ ಹುಟ್ಟಿಲ್ಲ. ಲೋಟದಿಂದ ಬಟ್ಟಲಿಗೆ ಎತ್ತಿ ಹೊಯ್ಯುವ ಕೈ ಅದೇ ಕೆಲಸವನ್ನು ಮೂರು ಸಲದಲ್ಲಿ ಮುಗಿಸುತ್ತದೆ.

ಇನ್ನು ಕೆಲವರು ಮೆಟ್ರೊ ಉದಾಹರಣೆ ತರುತ್ತಾರೆ. ಹೊಸಹಳ್ಳಿ ನಿಲ್ದಾಣ 2015ರ ನವೆಂಬರ್ 16ರಿಂದ ಜನರನ್ನು ತುಂಬಿಸಿಕೊಳ್ಳುತ್ತಿದೆ. ಬೋಗಿಯ ಬಾಗಿಲಲ್ಲಿ ನೂಕುನುಗ್ಗಲು, ಒಳಗೆ ಜಾಗವೋ ಜಾಗ. ಫಿಕ್‌ನ ನಿಯಮ ಇಲ್ಲಿ ಸೋತಿತೇ? ಇಲ್ಲ. ಅಣು ಹರಡುವುದು ಅದಕ್ಕೆ ಗುರಿಯಿಲ್ಲದ್ದರಿಂದ. ಪ್ರಯಾಣಿಕನಿಗೆ ಮೆಜೆಸ್ಟಿಕ್ಕಿನಲ್ಲಿ ಇಳಿಯುವ ಗುರಿಯಿದೆ.

ಉಳಿದಿರುವ ಗಟ್ಟಿ ಆಕ್ಷೇಪ ಒಂದೇ. ಇಷ್ಟು ಮಂದಗತಿಯವನನ್ನು ನಂಬಿ ಶ್ವಾಸಕೋಶ ಹೇಗೆ ನಡೆಯುತ್ತಿದೆ? ಅಲ್ಲಿ ಗಾಳಿಗೂ ರಕ್ತಕ್ಕೂ ನಡುವಿನ ಗೋಡೆ ಮಿಲಿಮೀಟರಿನ ಸಾವಿರದ ಒಂದು ಪಾಲಿಗಿಂತ ತೆಳು. ವರ್ಗದ ಲೆಕ್ಕ ಈಗ ತಿರುಗಿ ವಿಸರಣೆಯ ಪರವಾಗಿಯೇ ನಿಲ್ಲುತ್ತದೆ: ದೂರ ನೂರರಲ್ಲೊಂದಾದರೆ ಕಾಲ ಹತ್ತು ಸಾವಿರದಲ್ಲೊಂದು. ಮೂಗಿನಲ್ಲೂ ಹಾಗೆಯೇ. ಸಂದಿ ದಾಟಿಸಿ, ಕಿಟಕಿ ತೂರಿಸಿ, ಮೂಗಿನ ಹೊಳ್ಳೆಯವರೆಗೆ ಹಿಂಗನ್ನು ಹೊತ್ತು ತರುವುದು ಗಾಳಿ. ಒಳಗಿನ ತೆಳು ಲೋಳೆಯ ಪದರವನ್ನು ದಾಟಿಸುವುದಷ್ಟೇ ವಿಸರಣೆಯ ಪಾಲಿನ ಕೆಲಸ. ಅದನ್ನು ಅದು ಚಕಚಕನೆ ಮಾಡಿ ಮುಗಿಸುವಷ್ಟರಲ್ಲಿ ಆಚೆ ಕಿಟಕಿಯಿಂದ ‘ಏನ್ರೀ, ಇವತ್ತು ಬೇಳೆ ಸಾರಾ?’ ಎಂಬ ಪ್ರಶ್ನೆ ಬಂದಾಗಿರುತ್ತದೆ.